ನಿರ್ಜಲ ಏಕಾದಶಿಯ ಎಂಟು ಕ್ಯಾಪ್ಸೂಲ್

"ತಿನ್ನಪ್ಪಾ ಸುಧಾಕರ. ಎಲೆ ತಾನೆ."

ಮೇಜಿನ ಮೇಲೆ ಎಂಟು ಕ್ಯಾಪ್ಸೂಲ್. ಹಸಿರು ಬಣ್ಣ. ಕೇಶವಮೂರ್ತಿ ಅವನ್ನು ಬೆರಳ ತುದಿಯಿಂದ ಒಂದೊಂದಾಗಿ ಸಾಲಿಗೆ ತಂದ. ಪಕ್ಕದಲ್ಲಿ ಒಂದು ಸ್ಟೀಲ್ ಲೋಟ ನೀರು.

ನನ್ನ ಹಿಂದೆ ಕಿಶನ್ ನಿಂತಿದ್ದ. ಅವನ ಕೈಯಲ್ಲಿ ಮರದ ಪೆಟ್ಟಿಗೆ ಮೀಟುವ ಕಬ್ಬಿಣದ ಸಲಾಕೆ. ಅದರ ತುದಿ ನನ್ನ ಕಿವಿಯ ಹಿಂದೆ ತಣ್ಣಗೆ ತಾಗುತ್ತಿತ್ತು. ಜೂನ್ ತಿಂಗಳ ನೋಯ್ಡಾದಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ತಣ್ಣಗಿದ್ದದ್ದು ಅದೊಂದೇ.

"ತಿನ್ನದಿದ್ದರೆ?"

"ಕಿಶನ್ ತಿನ್ನಿಸ್ತಾನೆ. ಹಲ್ಲು ಹೋಗುತ್ತೆ. ಯಾಕೆ ಸುಮ್ಮನೆ?"

ನಾನು ತಿಂದೆ.

ಎಂಟನ್ನೂ.

ನೀವು ಕೇಳಬಹುದು, ಎಲೆಯ ಪುಡಿಗೆ ಇಷ್ಟು ಹೆದರಬೇಕೆ ಎಂದು. ಹೇಳುತ್ತೇನೆ. ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಪೊಲೀಸ್ ಅಲ್ಲ, ಡಿಟೆಕ್ಟಿವ್ ಅಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಕುಂದಾಪುರದಿಂದ ದೆಹಲಿಗೆ ಬಂದು ದೋಸೆ ಹುಯ್ದವನು. ಈಗ ನಮ್ಮ ಕಡೆಯ ಹೋಟೆಲಿನವರ ತೊಡಕು ಬಿಡಿಸುತ್ತೇನೆ. ಲೈಸೆನ್ಸ್ ಸಿಗದಿದ್ದರೆ ನನಗೆ ಫೋನ್. ಅಡುಗೆಯವನು ಓಡಿಹೋದರೆ ನನಗೆ ಫೋನ್. ಯಾರಾದರೂ ಸತ್ತರೂ ನನಗೇ ಫೋನ್.

ಆ ವರ್ಷ, ಎರಡು ಸಾವಿರದ ಆರರಲ್ಲಿ, ಸಾವಿನ ಫೋನ್ ಎರಡು ಬಂದಿದ್ದವು. ಏಪ್ರಿಲಿನಲ್ಲಿ ಇಂದಿರಾಪುರದ ಅನಂತಮೂರ್ತಿ. ಮೇ ತಿಂಗಳಲ್ಲಿ ನೋಯ್ಡಾದ ಪಂಕಜಮ್ಮ. ಇಬ್ಬರಿಗೂ ಅರವತ್ತು ದಾಟಿತ್ತು, ಇಬ್ಬರಿಗೂ ಸಕ್ಕರೆ ಕಾಯಿಲೆ. ಹಾರ್ಟ್ ಎಂದರು ಡಾಕ್ಟರು. ಮನೆಯವರು ಅತ್ತರು. ಊರಿಗೆ ಟ್ರೈನ್ ಟಿಕೆಟ್ ಮಾಡಿಸಬೇಕು, ಹದಿಮೂರನೆಯ ದಿನ ಯಾವತ್ತು ಬರುತ್ತದೆ ನೋಡಬೇಕು. ಅದಕ್ಕೆ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟೆ.

ಎರಡು ಮನೆಯಲ್ಲೂ ಸತ್ತ ದಿನದ ಚೌಕದಲ್ಲಿ ಒಂದೇ ಮಾತು ಅಚ್ಚಾಗಿತ್ತು.

ಏಕಾದಶಿ.

ಎರಡು ಮನೆಯಲ್ಲೂ ದೇವರ ದೀಪದ ಪಕ್ಕ ಒಂದೇ ಹಸಿರು ಡಬ್ಬಿ. 'ಪತ್ರಸಾರ'. ಕೇಶವಮೂರ್ತಿಯ ಕಂಪನಿಯದು. ಸಕ್ಕರೆ ಕಾಯಿಲೆಗೆ ಶುದ್ಧ ಗಿಡಮೂಲಿಕೆ, ಫ್ಲೇವನಾಯ್ಡ್ ತುಂಬಿದ ಎಲೆಯ ಸಾರ ಎಂದು ಡಬ್ಬಿಯ ಮೇಲೆ ಬರೆದಿತ್ತು. ಇಂಗ್ಲಿಷ್ ಮಾತ್ರೆ ಇರುವುದು ಫ್ರಿಜ್ಜಿನ ಮೇಲೆ. ಇದು ಮಾತ್ರ ಯಾಕೆ ದೇವರ ಮನೆಯಲ್ಲಿ?

ಅನಂತಮೂರ್ತಿಯವರ ಹೆಂಡತಿ ಹೇಳಿದರು. "ಏಕಾದಶಿ ದಿನ ಅವರು ಇಂಗ್ಲಿಷ್ ಮಾತ್ರೆ ಮುಟ್ಟೋದಿಲ್ಲ. ಇದು ತಗೋಬಹುದು. ತುಳಸಿ ತಿಂದ್ರೆ ಉಪವಾಸ ಕೆಡುತ್ತಾ ಅಂತ ಕೇಶವಮೂರ್ತಿಗಳೇ ಕೇಳಿದ್ರು. ಎಲೆ ಅಲ್ವಾ?"

ನಾನು ಎರಡು ಕ್ಯಾಪ್ಸೂಲನ್ನು ಜೇಬಿಗೆ ಹಾಕಿಕೊಂಡೆ.

ಭವ್ಯಶ್ರೀ ಅಂತ ಒಬ್ಬ ಹುಡುಗಿ ಇದ್ದಾಳೆ. ಪುತ್ತೂರಿನವಳು. ನೋಯ್ಡಾದ ಒಂದು ಲ್ಯಾಬಿನಲ್ಲಿ ಔಷಧ ಪರೀಕ್ಷೆ ಮಾಡುತ್ತಾಳೆ. ಅವಳಿಗೆ ಬಾಡಿಗೆ ಮನೆ ಹುಡುಕಿಕೊಟ್ಟವನು ನಾನೇ. ಕ್ಯಾಪ್ಸೂಲ್ ಅವಳ ಕೈಗೆ ಕೊಟ್ಟೆ. ವಾರದ ನಂತರ ಅವಳೇ ಕರೆದಳು.

"ಅಂಕಲ್, ಎಲೆ ಇದೆ. ಮಧುನಾಶಿನಿ ಇದೆ, ನೇರಳೆ ಬೀಜ ಇದೆ. ಫ್ಲೇವನಾಯ್ಡೂ ಇದೆ."

"ಅದು ಏನಮ್ಮಾ? ಡಬ್ಬಿ ಮೇಲೆ ದೊಡ್ಡದಾಗಿ ಬರೆದಿದ್ದಾನೆ."

"ಗಿಡ ತನಗೋಸ್ಕರ ಮಾಡ್ಕೊಳ್ಳೋ ಸಾಮಾನು. ಬಿಸಿಲು ತಡೆಯೋಕೆ, ಹುಳ ಓಡಿಸೋಕೆ. ನಮಗೂ ಸ್ವಲ್ಪ ಒಳ್ಳೇದು ಮಾಡಬಹುದು. ನೀವು ತಿನ್ನೋ ಈರುಳ್ಳೀಲೂ ಇದೆ, ಕುಡಿಯೋ ಚಹಾದಲ್ಲೂ ಇದೆ. ಆದ್ರೆ ಅದರ ಕೆಲಸ ಮೆಲ್ಲಗೆ. ಹತ್ತು ದಿನದಲ್ಲಿ ಶುಗರ್ ಅರ್ಧಕ್ಕೆ ಇಳಿಸೋ ಎಲೆ ನಾನಂತೂ ನೋಡಿಲ್ಲ."

"ಇಳಿದಿದೆಯಲ್ಲ."

"ಇಳಿಸಿದ್ದು ಎಲೆ ಅಲ್ಲ. ಗ್ಲಿಬೆನ್‌ಕ್ಲಮೈಡ್. ಡಾಕ್ಟರ್ ಬರೆಯೋ ಶುಗರ್ ಮಾತ್ರೆ. ಅದನ್ನ ಪುಡಿ ಮಾಡಿ ಎಲೆ ಜೊತೆ ಕಲಸಿದ್ದಾರೆ. ಊಟ ಮಾಡೋ ದಿನ ಹೇಗೋ ನಡೆಯುತ್ತೆ. ಖಾಲಿ ಹೊಟ್ಟೇಲಿ ಶುಗರ್ ಇಳೀತಾನೇ ಹೋಗುತ್ತೆ. ಬೆವರು, ನಡುಕ, ಮಂಪರು... ಆಮೇಲೆ ಏಳಲ್ಲ."

ರಿಪೋರ್ಟಿನ ಒಂದು ಪ್ರತಿ ಕೊಟ್ಟಳು. ಮೂಲ ಅವಳ ಹತ್ತಿರವೇ ಇತ್ತು.

ನಾನು ನೇರ ಪೊಲೀಸಿಗೆ ಹೋಗಬೇಕಿತ್ತು. ಹೋಗಲಿಲ್ಲ. ಕೇಶವಮೂರ್ತಿ ನಮ್ಮ ಭಜನಾ ಮಂಡಳಿಯವನು. ನಮ್ಮವನು. ಮೊದಲು ಅವನಿಗೇ ಹೇಳೋಣ, ಮಾಲು ವಾಪಸ್ ತೆಗೆದುಕೊಳ್ಳಲಿ ಎಂದು ಅವನ ಗೋಡೌನಿಗೆ ಹೋದೆ. ದೂರದ ಊರಿನಲ್ಲಿ ಕನ್ನಡ ಮಾತಾಡುವವನನ್ನೆಲ್ಲ ನಂಬುವ ರೋಗ ನಮಗಿದೆ. ಅದಕ್ಕೆ ಯಾವ ಎಲೆಯೂ ಇಲ್ಲ.

ಅವನು ರಿಪೋರ್ಟನ್ನು ನಿಧಾನವಾಗಿ ಓದಿದ. ನಾಲ್ಕು ತುಂಡು ಮಾಡಿದ. ನನ್ನ ಮೊಬೈಲ್ ಕಿತ್ತುಕೊಂಡ. ಆಮೇಲೆ ಎಂಟು ಕ್ಯಾಪ್ಸೂಲ್.

"ಹೊರಗೆ ನಲವತ್ನಾಲ್ಕು ಡಿಗ್ರಿ," ಎಂದ. "ಸಾಯಂಕಾಲ ನಿನ್ನನ್ನ ಸ್ಕೂಟರ್ ಪಕ್ಕ ಮಲಗಿಸ್ತೀವಿ. ಲೂ ಬಡಿದು, ಬಿಸಿಗಾಳಿಗೆ ಸತ್ತ ಅಂತಾರೆ. ದಿನಾ ನಾಲ್ಕು ಜನ ಸಾಯ್ತಾರೆ ಈ ಊರಲ್ಲಿ."

"ಇಬ್ಬರೂ ಏಕಾದಶಿಗೇ ಸತ್ತದ್ದು. ನಿಮಗೆ ಗೊತ್ತಿತ್ತೇ?"

ಅವನು ರಿಪೋರ್ಟಿನ ತುಂಡುಗಳನ್ನು ಜೇಬಿಗೆ ತುರುಕಿದ.

"ವಯಸ್ಸಾದವರು," ಎಂದ. "ನಿನಗೆ ಒಳ್ಳೇದು ಕಾಣಲ್ಲ ನೋಡು. ನಮ್ಮ ಜಲಜಮ್ಮನ್ನ ಕೇಳು. ಹದಿಮೂರು ದಿನ ಆಯ್ತು ಶುರು ಮಾಡಿ. ಇನ್ನೂರ ಎಂಬತ್ತಿದ್ದ ಶುಗರ್ ನೂರ ಇಪ್ಪತ್ತಕ್ಕೆ ಬಂತು. ಮುಂದಿನ ಪ್ಯಾಂಫ್ಲೆಟ್ಟಲ್ಲಿ ಅವರ ಫೋಟೋ."

ಏಳಲು ಹೋದ ನನ್ನನ್ನು ಕಿಶನ್ ಸಲಾಕೆಯಿಂದ ಒತ್ತಿ ಕೂರಿಸಿದ.

ಜಲಜಮ್ಮ. ಪೀತಮ್‌ಪುರದ ಹೋಟೆಲ್ ಗೋಪಿನಾಥನ ತಾಯಿ. ನಾನು ದೆಹಲಿಯಲ್ಲಿ ಜ್ವರದಿಂದ ಮಲಗಿದ ಮೊದಲ ಚಳಿಗಾಲದಲ್ಲಿ ಹದಿನೇಳು ದಿನ ಗಂಜಿ ಕಾಸಿ ಕೊಟ್ಟವರು. ಅರವತ್ತೆಂಟು ವರ್ಷ. ಯಾರ ಮಾತಿಗೂ ಉಪವಾಸ ಬಿಟ್ಟವರಲ್ಲ. ಹದಿಮೂರು ದಿನ ಎಂದರೆ, ಕ್ಯಾಪ್ಸೂಲ್ ಶುರುವಾದ ಮೇಲೆ ಬಂದ ಮೊದಲ ಏಕಾದಶಿ...

ಇವತ್ತು.

ಅದೂ ನಿರ್ಜಲ ಏಕಾದಶಿ. ಅನ್ನವಿಲ್ಲ, ಹಣ್ಣಿಲ್ಲ, ಒಂದು ತೊಟ್ಟು ನೀರಿಲ್ಲ.

ಕೇಶವಮೂರ್ತಿ ಶಲ್ಯ ಹೆಗಲಿಗೆ ಹಾಕಿಕೊಂಡ. "ಸಂಜೆ ಅವರ ಮನೇಲೇ ಭಜನೆ. ನೀನು ಬರಲ್ಲ ಅಂತ ಹೇಳ್ತೀನಿ."

ಹೊರಗೆ ಅವನ ಕಾರು ಹೊರಟ ಸದ್ದಾಯಿತು.

ಕಿಶನ್ ಸ್ಟೂಲಿನ ಮೇಲೆ ಕುಳಿತ. ಇಪ್ಪತ್ತೈದು, ಇಪ್ಪತ್ತಾರು ವರ್ಷ. ಸಲಾಕೆ ತೊಡೆಯ ಮೇಲೆ. ನಮ್ಮ ಕನ್ನಡ ಒಂದೂ ಅವನಿಗೆ ತಿಳಿದಿರಲಿಲ್ಲ. ಹಿಂದಿಯಲ್ಲಿ ಹೇಳಿದೆ, ಈ ಔಷಧದಲ್ಲಿ ವಿಷವಿದೆ ಎಂದು. ಅವನು ನಕ್ಕ.

"ಬಕ್‌ವಾಸ್. ನನ್ನ ಅಮ್ಮ ದಿನಾ ತಿಂತಾಳೆ. ಸೇಠ್ ಪುಕ್ಕಟೆ ಕೊಡ್ತಾರೆ. ನೀನು ಬೇರೆ ಕಂಪನಿಯ ಏಜೆಂಟ್ ಅಂತ ಸೇಠ್ ಹೇಳಿದಾರೆ."

ಕಾಯುವುದು ಒಂದು ಕೆಲಸ. ಅದನ್ನು ನಾನು ಸರಕಾರಿ ಆಫೀಸುಗಳ ಬೆಂಚಿನ ಮೇಲೆ ಕಲಿತವನು. ಅರ್ಧ ಗಂಟೆ ಕಾದೆ. ಬೆನ್ನಿನಲ್ಲಿ ಬೆವರು ಶುರುವಾಯಿತು. ಬೆರಳು ತಾನಾಗಿ ಅದುರತೊಡಗಿತು. ಇನ್ನು ತಡಮಾಡಿದರೆ ನಿಜವಾಗಿ ಬೀಳುತ್ತೇನೆ ಎನಿಸಿತು.

ಅದಕ್ಕೇ ಮುಂಚೆಯೇ ಸುಳ್ಳು ಸುಳ್ಳಾಗಿ ಬಿದ್ದೆ. ಎಲೆಪುಡಿಯ ಚೀಲದ ಪಕ್ಕಕ್ಕೆ ನೋಡಿಕೊಂಡೇ ಬಿದ್ದೆ.

ಕಿಶನ್ ಬಗ್ಗಿದ. "ಓಯ್. ಓ ಅಂಕಲ್."

ಒಂದು ಹಿಡಿ ಪುಡಿ ಅವನ ಕಣ್ಣಿಗೆ. ಇನ್ನೊಂದು ಹಿಡಿ ಮೂಗಿಗೆ.

ಅವನು ಕಣ್ಣುಜ್ಜುತ್ತ ಗೋಡೆಗೆ ಬಡಿದುಕೊಂಡ. ಆ ಕಂಪನಿಯ ಎಲೆಯಿಂದ ಯಾರಿಗಾದರೂ ನಿಜವಾದ ಉಪಕಾರ ಆದದ್ದಿದ್ದರೆ ಅದೊಂದೇ ಸಲ.

ಸ್ಕೂಟರ್ ಹೊರಗೇ ಇತ್ತು. ಎರಡು ಗಲ್ಲಿ ದಾಟಿ ನಿಲ್ಲಿಸಿದೆ. ಗಂಟಲಿಗೆ ಬೆರಳು ಹಾಕಿದೆ. ಹಸಿರು ನೀರು ಬಂತು. ಎಷ್ಟು ಹೋಯಿತೋ, ಎಷ್ಟು ಉಳಿಯಿತೋ. ಎದುರಿಗೇ ಎಸ್‌ಟಿಡಿ ಬೂತ್.

"ಗೋಪಿನಾಥಣ್ಣ, ಅಮ್ಮ ಹೇಗಿದ್ದಾರೆ?"

"ಮಲಗಿದ್ದಾರೆ ಮಾರಾಯ. ಕರೆಂಟಿಲ್ಲ, ಬೆವರು ಸುರೀತಾ ಉಂಟು. ಏನೋ ಗೊಣಗ್ತಿದ್ದಾರೆ, ಅರ್ಥ ಆಗೂದಿಲ್ಲ. ಸೆಕೆ ಅಲ್ವಾ?"

"ಸೆಕೆ ಅಲ್ಲ. ಸಕ್ಕರೆ ನೀರು ಕುಡಿಸಿ. ಈಗಲೇ. ಆಮೇಲೆ ಆಸ್ಪತ್ರೆಗೆ."

"ಇವತ್ತು? ನಿನಗೆ ತಲೆ ಸಮ ಉಂಟಾ? ನಲವತ್ತು ವರ್ಷದ ವ್ರತ. ನಾನು ಬಾಯಿಗೆ ನೀರು ಹಾಕಿದ್ರೆ ಅಮ್ಮ ಸಾಯುವವರೆಗೆ ನನ್ನ ಮುಖ ನೋಡ್ಲಿಕ್ಕಿಲ್ಲ."

"ಹಾಕದಿದ್ದರೆ ಆ ದಿನ ಇವತ್ತೇ ಬರುತ್ತೆ, ಅಣ್ಣ."

"ಅಪಶಕುನ ಮಾತಾಡಬೇಡ." ಫೋನ್ ಇಟ್ಟ.

ಬೂತಿನ ಗಾಜಿನಲ್ಲಿ ಹಿಂದಿನ ರಸ್ತೆ ಕಾಣುತ್ತಿತ್ತು. ಬಿಳಿ ಮಾರುತಿ ವ್ಯಾನ್ ಒಂದು ತಿರುವಿನಲ್ಲಿ ಬಂತು. ಸ್ಟಿಯರಿಂಗ್ ಹಿಂದೆ ಹಸಿರು ಮುಖ.

ಹೊರಟೆ.

ನೋಯ್ಡಾದಿಂದ ಪೀತಮ್‌ಪುರಕ್ಕೆ ಮೂವತ್ತು ಕಿಲೋಮೀಟರಿಗೂ ಮೇಲು. ಎರಡು ಕಿಲೋಮೀಟರಿಗೇ ರಸ್ತೆಯ ಬಿಳಿಗೆರೆ ಎರಡಾಯಿತು. ಎದೆ ಬಡಿತ ಕಿವಿಯಲ್ಲಿ ಕೇಳತೊಡಗಿತು. ಮುಂದೆ ಜನ ರಸ್ತೆಗೆ ಅಡ್ಡ ನಿಂತಿದ್ದರು. ಕೈ ಬೀಸುತ್ತಿದ್ದರು. ನನ್ನ ಬುದ್ಧಿ ಮಂಕಾಗಿ, ಅವರೂ ಕೇಶವಮೂರ್ತಿಯವರೇ ಎಂದುಕೊಂಡೆ.

ಆಮೇಲೆ ಡ್ರಮ್ ಕಂಡಿತು. ಅದರಲ್ಲಿ ಮಂಜುಗಡ್ಡೆ ತೇಲುತ್ತಿತ್ತು.

ನೋಡಿ, ನಾವು ನಿರ್ಜಲ ಏಕಾದಶಿಗೆ ನೀರು ಬಿಡುತ್ತೇವೆ. ಈ ಕಡೆಯವರೂ ಬಿಡುತ್ತಾರೆ. ಆದರೆ ಅದೇ ದಿನ ದಾರಿಹೋಕರನ್ನೆಲ್ಲ ತಡೆದು ಗುಲಾಬಿ ಶರಬತ್ತು ಕುಡಿಸುತ್ತಾರೆ. ಬಸ್ಸು ನಿಲ್ಲಿಸಿ ಕುಡಿಸುತ್ತಾರೆ. ತಾನು ಬಾಯಾರಿ ಇನ್ನೊಬ್ಬನಿಗೆ ನೀರು ಕೊಡುವುದೇ ಪುಣ್ಯ ಎನ್ನುತ್ತಾರೆ.

"ಲೀಜಿಯೇ ಅಂಕಲ್‌ಜೀ, ಮೀಠಾ ಪಾನೀ."

ಒಂದು ಲೋಟ. ಎರಡು. ಮೂರು. ಬಾಯಲ್ಲಿ ಹಲ್ಲು ಜುಮ್ಮೆನ್ನುವಷ್ಟು ಸಕ್ಕರೆ. ಬಿಳಿಗೆರೆ ಮತ್ತೆ ಒಂದಾಯಿತು.

ವ್ಯಾನ್ ನೂರು ಗಜದಲ್ಲಿತ್ತು.

ಲೋಟ ಕೊಡುತ್ತಿದ್ದ ಸರ್ದಾರ್‌ಜಿಯ ಹತ್ತಿರ ಮೆಲ್ಲಗೆ ಹೇಳಿದೆ. "ಆ ಬಿಳಿ ವ್ಯಾನಿನವನು ಬೆಳಿಗ್ಗೆಯಿಂದ ಬಾಯಾರಿದ್ದಾನೆ. ಸಂಕೋಚದವನು. ಬೇಡ ಅಂತಾನೆ, ಬಿಡಬೇಡಿ."

ಬಿಡಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಹತ್ತು ಜನ ವ್ಯಾನನ್ನು ಸುತ್ತಿಕೊಂಡಿದ್ದರು. ಕಿಟಕಿಯೊಳಗೆ ನಾಲ್ಕು ಲೋಟ ತೂರಿದ್ದವು.

ಯಮುನೆ ದಾಟಿದೆ. ರಿಂಗ್ ರೋಡಿನಲ್ಲಿ ಇನ್ನೆರಡು ಕಡೆ ನಿಲ್ಲಿಸಿ ಕುಡಿದೆ. ಆದರೆ ಶರಬತ್ತು ಏರಿಸಿದ್ದನ್ನು ಕ್ಯಾಪ್ಸೂಲ್ ಇಳಿಸುತ್ತಿತ್ತು. ಐಎಸ್‌ಬಿಟಿ ಬಸ್ ನಿಲ್ದಾಣ ದಾಟುವಾಗ ಹ್ಯಾಂಡಲ್ ಕೈಯಲ್ಲಿ ನಿಲ್ಲಲಿಲ್ಲ. ಸ್ಕೂಟರ್ ಫುಟ್‌ಪಾತಿಗೆ ತಾಗಿತು. ನಾನು ಬೇವಿನ ಮರದ ಬುಡದಲ್ಲಿ ಕುಳಿತಿದ್ದೆ. ಕುಳಿತದ್ದು ಯಾವಾಗ ಎಂದು ನೆನಪಿಲ್ಲ.

ವ್ಯಾನ್ ಬಂದು ನಿಂತಿತು. ಕಿಶನ್ ಇಳಿದ. ಅಂಗಿಯ ಮುಂಭಾಗ ಪೂರ್ತಿ ಗುಲಾಬಿ ಬಣ್ಣ. ಕೈಯಲ್ಲಿ ಸಲಾಕೆ.

ಓಡಲು ಕಾಲಿರಲಿಲ್ಲ. ಬಾಯೊಂದಿತ್ತು.

"ಕಿಶನ್, ನನ್ನ ಕೈ ನೋಡು."

ಎರಡೂ ಕೈ ಚಾಚಿದೆ. ಗಾಳಿಗೆ ಸಿಕ್ಕ ಅರಳಿ ಎಲೆಯ ಹಾಗೆ ನಡುಗುತ್ತಿದ್ದವು. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಇದು ನಿನ್ನ ಸೇಠನ ಔಷಧ. ನಾನು ಬೆಳಿಗ್ಗೆ ನಾಲ್ಕು ಇಡ್ಲಿ ತಿಂದವನು, ದಾರಿಯುದ್ದಕ್ಕೂ ಶರಬತ್ತು ಕುಡಿದವನು. ನನಗೇ ಹೀಗೆ. ನಿನ್ನ ಅಮ್ಮ ಇವತ್ತು ಏನು ತಿಂದಿದ್ದಾಳೆ?"

ಅವನು ಸಲಾಕೆ ಎತ್ತಿದ್ದವನು ಹಾಗೇ ನಿಂತ.

"ಇವತ್ತು ನಿರ್ಜಲಾ," ಎಂದ. "ಏನೂ ತಿಂದಿಲ್ಲ."

"ಕ್ಯಾಪ್ಸೂಲ್?"

"ಅದು... ಪತ್ತಾ, ಬರೀ ಎಲೆ ಅಲ್ವಾ. ತಿಂದಳು." ಅವನ ದನಿ ಸಣ್ಣದಾಯಿತು. "ನಾನು ಹೊರಡುವಾಗ ಅವಳ ಕೈ ಹೀಗೇ ನಡುಗ್ತಿತ್ತು. ವಯಸ್ಸು ಅಂದ್ಕೊಂಡೆ."

"ಮನೆ ಎಲ್ಲಿ?"

"ಶಕೂರ್‌ಪುರ."

"ಪೀತಮ್‌ಪುರದ ಪಕ್ಕ. ನನ್ನನ್ನ ಎತ್ತು. ನನಗೂ ಒಬ್ಬಳು ಅಮ್ಮ ಇದ್ದಾಳೆ ಅಲ್ಲಿ."

ಅವನು ಸಲಾಕೆಯನ್ನು ಚರಂಡಿಗೆ ಎಸೆದ. ಆಮೇಲೆ ವ್ಯಾನ್ ಓಡಿಸಿದ ರೀತಿ ಇದೆಯಲ್ಲ, ಅದನ್ನು ನೆನೆದರೆ ಈಗಲೂ ನನ್ನ ಕೈ ನಡುಗುತ್ತದೆ. ಅದಕ್ಕೆ ಕ್ಯಾಪ್ಸೂಲ್ ಬೇಕಾಗಿಲ್ಲ.

ಅವನ ಮನೆ ಮೊದಲು ಸಿಕ್ಕಿತು. ಮುದುಕಿ ಬಾಗಿಲಲ್ಲೇ ಒರಗಿದ್ದಳು, ಇನ್ನೂ ಮಾತಾಡುತ್ತಿದ್ದಳು. ಮಗ ಹೇಳಿದ, ಅವಳು ಕುಡಿದಳು. ದೇವರು ನೋಡಿಕೊಳ್ಳುತ್ತಾನೆ ಎಂದು ಎರಡು ಲೋಟ ಸಕ್ಕರೆ ನೀರು ಮುಗಿಸಿದಳು. ಅವಳನ್ನೂ ವ್ಯಾನಿಗೆ ಹತ್ತಿಸಿಕೊಂಡೆವು. ನಮ್ಮ ಜಲಜಮ್ಮ ಹಾಗಲ್ಲ. ಅದು ನನಗೆ ಗೊತ್ತಿತ್ತು.

ಗೋಪಿನಾಥನ ಮನೆಯ ನಡುಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಸೀರೆ ಒದ್ದೆ. ಕಣ್ಣು ಅರ್ಧ ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ಗೋಪಿನಾಥ ಬೀಸಣಿಗೆ ಬೀಸುತ್ತ ಕೂತಿದ್ದ. ಈಗ ಅವನ ಮುಖದಲ್ಲೂ ಹೆದರಿಕೆ ಇತ್ತು.

"ಅಮ್ಮ, ಸ್ವಲ್ಪ ನೀರು," ಎಂದೆ.

ತುಟಿ ಬಿಗಿಯಾಯಿತು. ಅಷ್ಟು ಮಂಪರಿನಲ್ಲೂ ತಲೆ ಅಲ್ಲಾಡಿತು. ಬೇಡ.

ಗೋಪಿನಾಥ ನನ್ನ ಕೈ ಹಿಡಿದ. "ಬಲವಂತ ಮಾಡಬೇಡ. ನಾನು ಟ್ಯಾಕ್ಸಿಗೆ ಹೇಳಿದ್ದೇನೆ..."

"ಅಲ್ಲಿಯವರೆಗೆ ಇರಲ್ಲ, ಅಣ್ಣ."

ದೇವರ ಮನೆಗೆ ಹೋದೆ. ತಾಮ್ರದ ಪಂಚಪಾತ್ರೆ, ಉದ್ಧರಣೆ. ಬೆಳಗಿನ ತೀರ್ಥ ತಳದಲ್ಲಿತ್ತು, ಮೇಲೆ ಒಂದು ತುಳಸಿ ದಳ. ಅಡುಗೆಮನೆಯಿಂದ ಸಕ್ಕರೆ ಡಬ್ಬಿ ತಂದೆ. ಕರಗುವಷ್ಟು ಹಾಕಿದೆ. ಕರಗದಷ್ಟೂ ಹಾಕಿದೆ. ದೇವರ ಕಡೆ ನೋಡಲಿಲ್ಲ. ನೋಡಿದ್ದರೆ ಅವನೂ ಬೇಡ ಎನ್ನುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಅವರ ತಲೆ ನನ್ನ ತೊಡೆಯ ಮೇಲೆ ಎತ್ತಿ ಇಟ್ಟುಕೊಂಡೆ.

"ಅಮ್ಮ. ತೀರ್ಥ."

ತುಟಿ ಬಿಚ್ಚಿತು.

ಅರವತ್ತು ವರ್ಷದ ಅಭ್ಯಾಸ. ಬುದ್ಧಿ ಇಲ್ಲದಿದ್ದರೂ ಬಾಯಿಗೆ ಗೊತ್ತು. ಒಂದು ಉದ್ಧರಣೆ ಹಾಕಿದೆ. ನುಂಗುವವರೆಗೆ ಕಾದೆ. ಇನ್ನೊಂದು. ಕಾದೆ. ಕೈ ನಡುಗಿ ಅರ್ಧ ಅವರ ಕೊರಳಿಗೆ ಹೋಯಿತು. ಗೋಪಿನಾಥ ನನ್ನನ್ನೇ ನೋಡುತ್ತಿದ್ದ. ಸಕ್ಕರೆ ಡಬ್ಬಿಯನ್ನೂ ನೋಡಿದ. ಮೆಲ್ಲಗೆ ಉದ್ಧರಣೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಹಾಕತೊಡಗಿದ.

ಹತ್ತು ನಿಮಿಷದ ಮೇಲೆ ಜಲಜಮ್ಮನ ಕಣ್ಣು ನನ್ನ ಮೇಲೆ ನಿಂತಿತು.

"ಸುಧಾಕರ," ಎಂದರು. "ನಿನಗೇನಾಯ್ತು, ಇಷ್ಟು ಬೆವರಿದ್ದೀ?"

ನರ್ಸಿಂಗ್ ಹೋಮಿನಲ್ಲಿ ಮೂವರಿಗೂ ಗ್ಲೂಕೋಸ್ ಹಾಕಿದರು. ಈ ಮದ್ದು ಒಂದು ಸಲ ಇಳಿಸಿ ಸುಮ್ಮನಾಗುವುದಿಲ್ಲ, ನಾಳೆಯವರೆಗೂ ಕಾಯಬೇಕು ಎಂದರು ಡಾಕ್ಟರು. ನಾನು ಮಲಗಿದಲ್ಲಿಂದಲೇ ಎರಡು ಫೋನ್ ಮಾಡಿಸಿದೆ. ಒಂದು ಭವ್ಯಶ್ರೀಗೆ. ಇನ್ನೊಂದು ಠಾಣೆಗೆ. ಭಜನಾ ಮಂಡಳಿಯ ಮನೆಮನೆಗೂ ಹೇಳಿ ಹಸಿರು ಡಬ್ಬಿ ಬಿಸಾಡಿಸುವ ಕೆಲಸ ಗೋಪಿನಾಥನ ಪಾಲಿಗೆ ಬಂತು. ಒಬ್ಬನಿಗೆ ಮಾತ್ರ ಅವನು ಬೇರೆ ಮಾತು ಹೇಳಿದ. ಅಮ್ಮನಿಗೆ ಸೆಕೆ ತಾಗಿದೆ, ಬಂದು ನೋಡಿ ಎಂದ.

ಸಂಜೆ ಆರಕ್ಕೆ ಕೇಶವಮೂರ್ತಿ ಬಂದ. ಕೈಯಲ್ಲಿ ಹಣ್ಣಿನ ಬುಟ್ಟಿ, ಮುಖದಲ್ಲಿ ಮರುಕ. ಜಲಜಮ್ಮನ ಮಂಚದ ಸುತ್ತ ಮಂಡಳಿಯ ಎಂಟು ಹತ್ತು ಜನ ನಿಂತಿದ್ದರು. ಯಾರೂ ನಮಸ್ಕಾರ ಮಾಡಲಿಲ್ಲ. ಪಕ್ಕದ ಮಂಚದಲ್ಲಿ ನನ್ನನ್ನು ನೋಡಿದ.

ಬುಟ್ಟಿ ಕೈಯಲ್ಲೇ ಉಳಿಯಿತು.

ಭವ್ಯಶ್ರೀ ತನ್ನ ಚೀಲದಿಂದ ರಿಪೋರ್ಟಿನ ಮೂಲ ತೆಗೆದು ನನ್ನ ಹೊದಿಕೆಯ ಮೇಲೆ ಇಟ್ಟಳು. ನಾನು ಅದರ ಮೇಲೆ ಕ್ಯಾಪ್ಸೂಲ್ ಇಟ್ಟೆ. ಜಲಜಮ್ಮನ ಡಬ್ಬಿಯದು. ಎಂಟು. ಸಾಲಾಗಿ.

"ಕೂತ್ಕೊಳ್ಳಿ," ಎಂದೆ. "ಸುಳ್ಳು ರಿಪೋರ್ಟ್ ಆದ್ರೆ ಇಲ್ಲೇ ಗೊತ್ತಾಗಲಿ. ತಿನ್ನಿ. ಎಲೆ ತಾನೆ."

ಅವನು ಎಲ್ಲರ ಮುಖ ನೋಡಿದ. ತುಟಿ ಸವರಿಕೊಂಡ.

"ಇವತ್ತು ಏಕಾದಶಿ," ಎಂದ. "ನಾನು ಉಪವಾಸ."

ಆಗ ಜಲಜಮ್ಮ ಮಾತಾಡಿದರು. ದನಿ ಬತ್ತಿತ್ತು, ಆದರೆ ಕೋಣೆಗೆಲ್ಲ ಕೇಳಿತು.

"ಎಲೆ ತಿಂದ್ರೆ ಉಪವಾಸ ಕೆಡೂದಿಲ್ಲ ಅಂತ ನೀವೇ ಹೇಳಿದ್ದಲ್ವಾ, ಮೂರ್ತಿಗಳೇ?"

ಅವನು ತಿರುಗಿ ಬಾಗಿಲ ಕಡೆ ಹೊರಟ. ಬಾಗಿಲಲ್ಲಿ ಕಿಶನ್ ನಿಂತಿದ್ದ. ಬರಿಗೈಯಲ್ಲಿ. ಅವನ ಹಿಂದೆ ಇಬ್ಬರು ಕಾನ್‌ಸ್ಟೇಬಲ್.

"ಪತ್ತಾ ಹೀ ತೋ ಹೈ, ಸೇಠ್‌ಜೀ," ಎಂದ ಕಿಶನ್. "ಖಾ ಲೋ."

ಕೇಶವಮೂರ್ತಿ ತಿನ್ನಲಿಲ್ಲ. ಠಾಣೆಯಲ್ಲಿ ರಾತ್ರಿ ಪೂರಿ ಪಲ್ಯ ತಿಂದನಂತೆ. ಉಪವಾಸ ಅಲ್ಲಿಗೆ ಮುಗಿಯಿತು.

ಜಲಜಮ್ಮ ಈಗ ಡಾಕ್ಟರು ಬರೆದ ಮಾತ್ರೆ ತಿನ್ನುತ್ತಾರೆ, ಊಟದ ಜೊತೆಗೆ. ಏಕಾದಶಿಗೆ ಏನು ಮಾಡಬೇಕೆಂದು ಡಾಕ್ಟರನ್ನೇ ಕೇಳುತ್ತಾರೆ, ಬೈದುಕೊಂಡು ಹಾಲು ಕುಡಿಯುತ್ತಾರೆ. ಮನೆಗೆ ಬಂದ ವಾರಕ್ಕೆ ನನ್ನನ್ನು ಕರೆದರು.

"ಆ ದಿನ ತೀರ್ಥ ಸಿಹಿ ಇತ್ತು."

"ದೇವರಿದ್ದಾನೆ, ಅಮ್ಮ."

"ಅವನಿಗೆ ಎಷ್ಟು ಚಮಚ ಬೇಕಾಯ್ತು?"

"ಲೆಕ್ಕ ಇಡಲಿಲ್ಲ."

ಅವರು ನಗಲಿಲ್ಲ. ಬೈಯಲೂ ಇಲ್ಲ. ಆದರೆ ಅಂದಿನಿಂದ ನನ್ನ ಕೈಯಿಂದ ತೀರ್ಥ ತೆಗೆದುಕೊಂಡರೆ ಮೊದಲು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಾರೆ. ನನಗೆ ಬೇಸರವಿಲ್ಲ. ಕೇಶವಮೂರ್ತಿಯ ಎಲೆಗೂ ಯಾರಾದರೂ ಅಷ್ಟು ಅನುಮಾನ ಪಟ್ಟಿದ್ದರೆ, ನಾನು ಎರಡು ಶವದ ಜೊತೆ ಸ್ಮಶಾನಕ್ಕೆ ಹೋಗಬೇಕಾಗುತ್ತಿರಲಿಲ್ಲ.